ಒಂದು ನಿಮಿಷ ತಡೆಯಿರಿ

(ಸಂಸ್ಥೆಯ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಯುವಜನರು ಮತ್ತು ಧೈರ್ಯ’. ನಾನು ಭಾಷಣಕಾರನಲ್ಲ. ಹೊರದೇಶದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಎಂಜಿನಿಯರ್ ಆಗಿ ದುಡಿದು ಊರಿಗೆ ಮರಳಿದವನು. ದೊಡ್ಡ ದೊಡ್ಡ ಮಾತುಗಳನ್ನು ಹೇಳಲು ನನಗೆ ಬರುವುದಿಲ್ಲ. ಆದ್ದರಿಂದ ಒಂದೇ ಒಂದು ದಿನದ ಕತೆಯನ್ನು ನಿಮ್ಮ ಮುಂದಿಡುತ್ತೇನೆ. ಆ ದಿನ ನಾನು ಒಬ್ಬ ಗೆಳೆಯನೊಂದಿಗೆ ಬೆಟ್ಟ ಹತ್ತಿದೆ, ತಣ್ಣೀರಿನ ಕೆರೆಯೊಂದರಲ್ಲಿ ಈಜಿದೆ, ಸಂಜೆ ಕ್ಷೇಮವಾಗಿ ಮನೆಗೆ ಬಂದೆ. ಅಷ್ಟೇ. ‘ಇದರಲ್ಲಿ ಏನು ವಿಶೇಷ?’ ಎಂದು ನೀವು ಕೇಳಬಹುದು. ಕ್ಷೇಮವಾಗಿ ಮನೆಗೆ ಬಂದದ್ದೇ ವಿಶೇಷ. ಯಾಕೆಂದು ಕೊನೆಗೆ ಹೇಳುತ್ತೇನೆ.

ಬೆಟ್ಟದ ದಾರಿ

ಆಗ ನಾನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದೆ. ಅಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆ ಪಶ್ಚಿಮಕ್ಕೆ ಹೋದರೆ ವೇಲ್ಸ್ ಎಂಬ ನಾಡಿನ ಬೆಟ್ಟಸಾಲು ಸಿಗುತ್ತದೆ. ಅದರ ಅತಿ ಎತ್ತರದ ಬೆಟ್ಟವನ್ನು ಇಂಗ್ಲಿಷರು ಸ್ನೋಡನ್ ಎಂದು ಕರೆದರು. ಅಲ್ಲಿನ ಜನ ತಮ್ಮ ಭಾಷೆಯಲ್ಲಿ ‘ಎರ್ ವಿದ್ವಾ’ ಎನ್ನುತ್ತಾರೆ. 2022ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತವು ಇನ್ನು ಮುಂದೆ ವೇಲ್ಸ್ ಭಾಷೆಯ ಹೆಸರನ್ನೇ ಬಳಸುವುದೆಂದು ನಿರ್ಧರಿಸಿತು. ಸ್ವಂತ ಭಾಷೆಯ ಮೇಲಿನ ಅವರ ಅಭಿಮಾನ ನಮಗೂ ಮಾದರಿ.

ಈ ಬೆಟ್ಟದ ಎತ್ತರ 1,085 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು ಎತ್ತರವಿದೆ. ಹಾಗಾಗಿ ‘ಇದೇನು ಮಹಾ ಬೆಟ್ಟ!’ ಎಂದು ನಾನೂ ಮೊದಲು ನಕ್ಕವನೇ. ಆದರೆ ಬೆಟ್ಟವನ್ನು ಬರೀ ಎತ್ತರದಿಂದ ಅಳೆಯಬಾರದು. ಅದು ಭೂಮಧ್ಯರೇಖೆಯಿಂದ 53 ಡಿಗ್ರಿ ಉತ್ತರಕ್ಕಿದೆ, ಸಮುದ್ರಕ್ಕೆ ಹತ್ತಿರವಿದೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಬೇಸಿಗೆಯಲ್ಲೂ ಗಳಿಗೆಯೊಳಗೆ ಮಂಜು ಕವಿದು ಮುಂದಿನ ಹೆಜ್ಜೆ ಕಾಣದಂತಾಗುತ್ತದೆ. 1953ರಲ್ಲಿ ಎವರೆಸ್ಟ್ ಹತ್ತಿದ ತಂಡದವರು ಇದೇ ಬೆಟ್ಟದ ಬುಡದ ಒಂದು ಹೋಟೆಲಿನಲ್ಲಿ ತಂಗಿ ಅಭ್ಯಾಸ ಮಾಡಿದ್ದರು. ಎವರೆಸ್ಟ್ ಹತ್ತುವವರು ಅಭ್ಯಾಸಕ್ಕೆ ಆರಿಸಿಕೊಂಡ ಬೆಟ್ಟವನ್ನು ನೋಡಿ ನಾನು ನಕ್ಕಿದ್ದೆ!

ನನ್ನ ಜೊತೆಗಾರನ ಬಗ್ಗೆ ಎರಡು ಮಾತು. ಆತ ಧಾರವಾಡದ ಕಡೆಯವನು, ಅಲ್ಲಿನ ಆಸ್ಪತ್ರೆಯಲ್ಲಿ ವೈದ್ಯ. ತನ್ನ ಹೆಸರನ್ನು ಎಲ್ಲೂ ಹೇಳಬಾರದೆಂದು ನನಗೆ ತಾಕೀತು ಮಾಡಿದ್ದಾನೆ. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಬರಗಾಲದಲ್ಲಿ ಮಳೆ ಬಂದಂತೆ. ಹಾಗೆ ಒಂದು ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗ ಶುರುವಾದ ಪರಿಚಯ ಹತ್ತು ವರ್ಷದ ಗೆಳೆತನವಾಗಿತ್ತು. ನಾನು ಅವನನ್ನು ‘ಡಾಕ್ಟ್ರೇ’ ಎನ್ನುವೆ, ಅವನು ನನ್ನನ್ನು ‘ಸಾಹೇಬ್ರ’ ಎನ್ನುವನು. ನನ್ನ ಕರಾವಳಿ ಕನ್ನಡ ಕೇಳಿ ಅವನಿಗೆ ನಗು, ಅವನ ಕನ್ನಡ ಕೇಳಿ ನನಗೆ ನಗು.

ಅದು 2018ರ ಜೂನ್ 30, ಶನಿವಾರ. ಈದ್ ಕಳೆದು ಎರಡು ವಾರವಾಗಿತ್ತು. ಆ ವರ್ಷ ಬ್ರಿಟನ್ನಿನಲ್ಲಿ ವಿಪರೀತ ಸೆಕೆ. ಎರಡು ದಿನ ಮೊದಲು ಈ ಬೆಟ್ಟಕ್ಕೆ ಸಮೀಪದ ಪೋರ್ತ್‌ಮಡಾಗ್ ಎಂಬ ಪೇಟೆಯಲ್ಲಿ 33 ಡಿಗ್ರಿ ದಾಖಲಾಗಿತ್ತು. ನಮಗೆ ಅದು ಮಾಮೂಲಿ, ಆ ದೇಶಕ್ಕೆ ಅದು ಬೆಂಕಿ. ನಾವು ನಸುಕಿನಲ್ಲೇ ಹೊರಟು ಆರೂವರೆಗೆ ‘ಪೆನ್-ಅ-ಪಾಸ್’ ಎಂಬ ಕಣಿವೆಯ ನೆತ್ತಿಗೆ ತಲುಪಿದೆವು. ಸಮುದ್ರಮಟ್ಟದಿಂದ 359 ಮೀಟರ್ ಎತ್ತರದ ಆ ಜಾಗದಿಂದ ನಡಿಗೆ ಶುರು.

ಕಾರಿನಿಂದ ಇಳಿದಾಗ ಗೆಳೆಯನ ಬೆನ್ನಚೀಲ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಎರಡು ಸ್ವೆಟರ್, ಎರಡು ಉಣ್ಣೆಯ ಟೊಪ್ಪಿ, ದಪ್ಪ ಟವೆಲ್, ಮಳೆ ಕೋಟು, ಚಹಾದ ಫ್ಲಾಸ್ಕ್, ನಕಾಶೆ, ದಿಕ್ಸೂಚಿ, ಒಂದು ಸೀಟಿ!

“ಡಾಕ್ಟ್ರೇ, ಈ ಸೆಕೆಯಲ್ಲಿ ಸ್ವೆಟರಾ? ಎವರೆಸ್ಟಿಗೆ ಹೊರಟಿದ್ದೀರೋ ಹೇಗೆ?” ಎಂದೆ.

“ಚೀಲ ನನ್ನ ಬೆನ್ನ ಮ್ಯಾಲ ಐತಿ ಸಾಹೇಬ್ರ. ನಿಮಗ್ಯಾಕ ಭಾರ?” ಎಂದು ಅವನು ಮುಂದೆ ನಡೆದ.

ನಾವು ಹಿಡಿದದ್ದು ‘ಗಣಿಗಾರರ ದಾರಿ’. 19ನೇ ಶತಮಾನದಲ್ಲಿ ಅಲ್ಲಿ ತಾಮ್ರದ ಗಣಿಯಿತ್ತು. ಗಣಿಯ ಕೂಲಿಗಳು ವಾರವಿಡೀ ಮೇಲಿನ ಕಲ್ಲುಗುಡಿಸಲುಗಳಲ್ಲಿ ಮಲಗಿ, ರಜೆಯ ದಿನ ಮಾತ್ರ ಹೆಂಡತಿ ಮಕ್ಕಳನ್ನು ನೋಡಲು ಬೆಟ್ಟ ಇಳಿಯುತ್ತಿದ್ದರಂತೆ. 20ನೇ ಶತಮಾನದ ಆರಂಭದಲ್ಲಿ ಗಣಿ ನಿಂತಿತು, ಗುಡಿಸಲುಗಳ ಗೋಡೆ ಮಾತ್ರ ಉಳಿದಿದೆ. ಗಲ್ಫಿನಿಂದ ವರ್ಷಕ್ಕೊಮ್ಮೆ ಬರುವ ನಮ್ಮ ಮನೆಮನೆಯ ಗಂಡಸರ ನೆನಪು ನನಗಾಯಿತು.

ದಾರಿಯಲ್ಲಿ ಮೂರು ಕೆರೆಗಳು. ವೇಲ್ಸ್ ಭಾಷೆಯಲ್ಲಿ ‘ಲಿನ್’ ಎಂದರೆ ಕೆರೆ. ಮೊದಲನೆಯದು ಚಿಕ್ಕದು. ಎರಡನೆಯದು ‘ಲಿನ್ ಲಿಡೌ’, ಒಂದೂವರೆ ಕಿಲೋಮೀಟರಿಗೂ ಉದ್ದ, ತುಂಬ ಆಳ. ಅದಿರು ಸಾಗಿಸಲು 1853ರಲ್ಲಿ ಅದರ ನಡುವೆ ಕಲ್ಲಿನ ಏರಿ ಕಟ್ಟಿದ್ದಾರೆ, ನಾವು ದಾಟುವುದು ಅದರ ಮೇಲೆಯೇ. 1906ರಿಂದ ಈ ಕೆರೆಯ ನೀರನ್ನು ಕೊಳವೆಗಳಲ್ಲಿ ಕೆಳಗಿಳಿಸಿ ವಿದ್ಯುತ್ ತೆಗೆಯುತ್ತಿದ್ದಾರೆ. ಮೂರನೆಯದು ‘ಗ್ಲಾಸ್ಲಿನ್’. ತಾಮ್ರದ ಅಂಶದಿಂದ ಅದರ ನೀರು ನವಿಲಿನ ಕೊರಳಿನಂತೆ ಹಸಿರುನೀಲಿ. ಅಲ್ಲಿಂದ ಮುಂದೆ ದಾರಿ ಕಡಿದು. ಕಲ್ಲು ಹಿಡಿದು, ಮಂಡಿ ಊರಿ, ಬೆವರು ಒರೆಸುತ್ತ ಹತ್ತಬೇಕು. ಅಲ್ಲಿ ನನ್ನ ನಗು ನಿಂತಿತು.

ನಾನು ಅವಸರದ ಮನುಷ್ಯ. ಎರಡು ಸಲ ಅವನನ್ನು ಹಿಂದೆ ಬಿಟ್ಟು ಮುಂದೆ ಹೋದೆ. ಎರಡು ಸಲವೂ ಕೆಳಗಿನಿಂದ ಅದೇ ಕೂಗು: “ಸಾಹೇಬ್ರ, ಒಂದ್ ನಿಮಿಷ ತಡೀರಿ.” ತಡೆದರೆ ನೀರು ಕುಡಿಸುವನು. ಬಾಯಾರಿಕೆಯಾಗುವ ಮೊದಲೇ ಕುಡಿಯಬೇಕು ಎನ್ನುವನು. ಸಿಡುಕಿಕೊಂಡೇ ಕುಡಿದೆ.

ಹತ್ತೂಮುಕ್ಕಾಲಿಗೆ ತುದಿ ತಲುಪಿದೆವು. ಮೂರೂವರೆ ಗಂಟೆ ಏದುಸಿರು ಬಿಟ್ಟು ಹತ್ತಿ ನೋಡಿದರೆ, ಅಲ್ಲಿ ಒಬ್ಬರು ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದರು! ಇನ್ನೊಂದು ಬದಿಯಿಂದ ತುದಿಯವರೆಗೆ 1896ರಿಂದಲೇ ರೈಲು ಬರುತ್ತದೆ. ನಾವಿಬ್ಬರೂ ಮುಖ ನೋಡಿಕೊಂಡು ನಕ್ಕೆವು. ಒಂದು ಬಂಡೆಯ ನೆರಳಿನಲ್ಲಿ ಕುಳಿತು ಅವನ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ನನ್ನ ಮನೆಯ ಚಪಾತಿ, ಮೊಟ್ಟೆ ಬಿಚ್ಚಿ ತಿಂದೆವು. ಅಂದು ಆಕಾಶ ಶುಭ್ರವಾಗಿತ್ತು. ಒಂದು ಕಡೆ ಸಮುದ್ರ, ಒಂದು ಕಡೆ ಸಾಲುಸಾಲು ಬೆಟ್ಟ, ಕೆಳಗೆ ನಾವು ದಾಟಿ ಬಂದ ಕೆರೆಗಳು ಒಡೆದ ಕನ್ನಡಿಯ ಚೂರುಗಳಂತೆ ಹೊಳೆಯುತ್ತಿದ್ದವು. ಆ ನೀರನ್ನು ನೋಡಿದಾಗಲೇ ನಾನು ತೀರ್ಮಾನಿಸಿದೆ, ಇಳಿಯುವಾಗ ಅದರಲ್ಲಿ ಧುಮುಕಲೇಬೇಕು.

ನೀರಿನ ದಡದಲ್ಲಿ

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟ. ಮಂಡಿ ನಡುಗುತ್ತದೆ, ಸಡಿಲ ಕಲ್ಲು ಜಾರುತ್ತದೆ. ಎರಡನೆಯ ಕೆರೆ ಲಿನ್ ಲಿಡೌ ತಲುಪುವಾಗ ಮಧ್ಯಾಹ್ನ ಒಂದೂವರೆ. ಬಿಸಿಲು ನೆತ್ತಿ ಸುಡುತ್ತಿತ್ತು, ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ದಡದಲ್ಲಿ ಆಳೆತ್ತರದ ಒಂದು ಬಂಡೆ ನೀರಿನ ಮೇಲೆ ಚಾಚಿಕೊಂಡಿತ್ತು. ಕೆಳಗೆ ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲುಗಳನ್ನು ಎಣಿಸಬಹುದು. ನಾನು ಚೀಲ ಎಸೆದು, ಶೂ ಕಳಚಿ, ಬಂಡೆ ಹತ್ತಿ ನಿಂತೆ.

ಹಿಂದಿನಿಂದ ಒಂದು ಕೈ ನನ್ನ ರಟ್ಟೆ ಹಿಡಿಯಿತು.

“ಸಾಹೇಬ್ರ, ಒಂದ್ ನಿಮಿಷ ತಡೀರಿ.”

“ಮಾರಾಯ್ರೇ, ಬಿಡಿ! ನನಗೆ ಈಜು ಬರುತ್ತದೆ” ಎಂದೆ.

“ಈಜು ಬರ್ತದ, ಗೊತ್ತು. ನೀರು ಎಲ್ಲಿಗೂ ಓಡಿ ಹೋಗಂಗಿಲ್ಲ. ನೀವು ಹೋದ್ರ ಮಾತ್ರ ತಿರುಗಿ ಬರಂಗಿಲ್ಲ.”

ಅವನ ಮುಖದಲ್ಲಿ ನಗುವಿರಲಿಲ್ಲ. ಚೀಲದಿಂದ ಒಂದು ಥರ್ಮಾಮೀಟರ್ ತೆಗೆದು ದಾರ ಕಟ್ಟಿ ನೀರಿಗೆ ಬಿಟ್ಟ. ಐದು ನಿಮಿಷದ ಮೇಲೆ ಎತ್ತಿ ತೋರಿಸಿದ: 14 ಡಿಗ್ರಿ. ಮಿತ್ರರೇ, ನಮ್ಮ ಕರಾವಳಿಯ ಬಾವಿಯ ನೀರು ಎಷ್ಟೇ ತಣ್ಣಗಿದೆ ಎಂದರೂ 25 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಗಾಳಿಯಲ್ಲಿ ಬೆಂಕಿ, ಅದರ ಕೆಳಗಿನ ನೀರಿನಲ್ಲಿ ಹಿಮ. ಗಾಳಿ ಎರಡು ದಿನದಲ್ಲಿ ಕಾಯುತ್ತದೆ, ಆಳದ ನೀರು ಕಾಯಲು ತಿಂಗಳುಗಳೇ ಬೇಕು. ಬೇಸಿಗೆಯೆಂಬ ಕಾರಣಕ್ಕೆ ನೀರು ಬೆಚ್ಚಗಿದೆ ಎಂದು ನಂಬುವುದೇ ಮೊದಲ ಮೋಸ.

ಬಂಡೆಯಿಂದ ಇಳಿಸಿ, ಜಲ್ಲಿಯ ಇಳಿಜಾರಿದ್ದ ಕಡೆಗೆ ನನ್ನನ್ನು ಕರೆದೊಯ್ದ. ಅಲ್ಲಿ ಮೊದಲು ಕೈ, ಮುಖ, ಕತ್ತು ಒದ್ದೆ ಮಾಡಿಸಿದ. ಆಮೇಲೆ ಮೆಲ್ಲನೆ, ಒಂದೊಂದೇ ಹೆಜ್ಜೆ. ಮೊಣಕಾಲು ಮುಳುಗುವಾಗ ಎಲುಬು ನೋಯಿತು. ಸೊಂಟ ಮುಳುಗಿತು. ಎದೆ ಮುಳುಗಿದ ಕ್ಷಣ, ನಾನು ಕೇಳಿಕೊಳ್ಳದೆಯೇ ನನ್ನ ಬಾಯಿ ತೆರೆದು ಶ್ವಾಸ ಒಳಗೆ ಸೆಳೆಯಿತು. ಒಮ್ಮೆಯಲ್ಲ, ಮೇಲಿಂದ ಮೇಲೆ. ನಾಯಿ ಏದುವಂತೆ ಏದುತ್ತಿದ್ದೆ. ಎದೆ ಡೋಲಿನಂತೆ ಬಡಿಯುತ್ತಿತ್ತು. ತಡೆಯೋಣವೆಂದರೆ ತಡೆಯಲಾಗದು. ನನ್ನ ದೇಹ ನನ್ನ ಮಾತು ಕೇಳುತ್ತಿರಲಿಲ್ಲ.

“ಈಜಬ್ಯಾಡ್ರಿ. ಸುಮ್ಮನ ನಿಂದರ್ರಿ. ಉಸಿರು ಹೊರಗ ಬಿಡ್ರಿ, ಎಣಿಸ್ರಿ” ಎಂದು ಪಕ್ಕದಲ್ಲೇ ನಿಂತಿದ್ದ ಅವನು ಹೇಳುತ್ತಿದ್ದ. ಒಂದು, ಎರಡು, ಮೂರು... ಅರವತ್ತಕ್ಕೆ ಸ್ವಲ್ಪ ತಗ್ಗಿತು. ತೊಂಬತ್ತು ಎಣಿಸುವಾಗ ಉಸಿರು ನನ್ನ ಹಿಡಿತಕ್ಕೆ ಬಂತು. ಆಮೇಲೆ ದಡಕ್ಕೆ ಸಮಾನಾಂತರವಾಗಿ, ಕಾಲು ನೆಲ ಮುಟ್ಟುವಷ್ಟೇ ಆಳದಲ್ಲಿ, ಐದು ನಿಮಿಷ ಈಜಿದೆವು. ಆ ಐದು ನಿಮಿಷದ ಸುಖವನ್ನು ನಾನು ಮರೆಯಲಾರೆ. ಮೈಯ ದಣಿವೆಲ್ಲ ಕರಗಿಹೋಯಿತು. ತಲೆಯೆತ್ತಿದರೆ ನಾವು ಹತ್ತಿ ಇಳಿದ ಬೆಟ್ಟ ನೀರಿನ ಮೇಲೆ ಬಾಗಿ ನಿಂತಿತ್ತು.

“ಸಾಕ್ರಿ, ಮ್ಯಾಲ ಬರ್ರಿ” ಎಂದ. ಇನ್ನೂ ಸ್ವಲ್ಪ ಹೊತ್ತು ಎಂದೆ. ಕೇಳಲಿಲ್ಲ.

ದಡಕ್ಕೆ ಬಂದು ಎರಡು ನಿಮಿಷ ಚೆನ್ನಾಗಿದ್ದೆ. ಆಮೇಲೆ, ಅಂಥ ಬಿಸಿಲಿನಲ್ಲಿ, ನಡುಕ ಶುರುವಾಯಿತು. ಹಲ್ಲು ಕಟಕಟ, ಅಂಗಿಯ ಗುಂಡಿ ಹಾಕಲು ಬೆರಳು ಬಾರದು. ಬೆಳಿಗ್ಗೆ ನಾನು ಗೇಲಿ ಮಾಡಿದ್ದ ಸ್ವೆಟರನ್ನು, ಟೊಪ್ಪಿಯನ್ನು ಅವನೇ ನನಗೆ ತೊಡಿಸಿದ. ಸಕ್ಕರೆ ಹೆಚ್ಚು ಹಾಕಿದ ಚಹಾ ಕುಡಿಸಿದ. ಅವನು ಎರಡು ಸ್ವೆಟರ್ ಹೊತ್ತು ತಂದದ್ದೇಕೆಂದು ಆಗ ಅರ್ಥವಾಯಿತು. ಒಂದು ಅವನಿಗೆ, ಇನ್ನೊಂದು ನನಗೆ.

ಆ ಒಂದು ನಿಮಿಷದಲ್ಲಿ ಏನಾಗುತ್ತದೆ?

ಚಹಾ ಕುಡಿಯುತ್ತ ಅವನು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಚರ್ಮಕ್ಕೆ ಒಮ್ಮೆಲೇ ತಣ್ಣೀರು ತಾಗಿದರೆ ದೇಹ ಬೆಚ್ಚಿಬೀಳುತ್ತದೆ. ಮನಸ್ಸಿನ ಅಪ್ಪಣೆಗೆ ಕಾಯದೆ ಶ್ವಾಸಕೋಶ ಗಾಳಿ ಸೆಳೆಯುತ್ತದೆ, ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಇದನ್ನು ‘ಶೀತಾಘಾತ’ ಎನ್ನಬಹುದು. 15 ಡಿಗ್ರಿಗಿಂತ ಕೆಳಗಿನ ನೀರಿನಲ್ಲಿ ಇದು ತೀವ್ರ. ಮೊದಲ ಅರ್ಧ ನಿಮಿಷದಲ್ಲಿ ಇದರ ಹೊಡೆತ ಅತಿ ಹೆಚ್ಚು. ಒಂದರಿಂದ ಮೂರು ನಿಮಿಷದೊಳಗೆ ತಾನಾಗಿ ಇಳಿಯುತ್ತದೆ. ಆ ಮೊದಲ ಶ್ವಾಸ ಸೆಳೆಯುವಾಗ ಮುಖ ನೀರಿನ ಮೇಲಿದ್ದರೆ ಗಾಳಿ ಒಳಗೆ ಹೋಗುತ್ತದೆ. ಮುಖ ನೀರಿನ ಕೆಳಗಿದ್ದರೆ ನೀರು ಒಳಗೆ ಹೋಗುತ್ತದೆ. ಬಂಡೆಯಿಂದ ಹಾರಿದವನ ಮುಖ ಆ ಕ್ಷಣದಲ್ಲಿ ಎಲ್ಲಿರುತ್ತದೆ? ನೀವೇ ಯೋಚಿಸಿ. ಅಲ್ಲಿ ಈಜಿನ ಜಾಣ್ಮೆ ಕೆಲಸಕ್ಕೆ ಬರುವುದಿಲ್ಲ. ಈಜುವುದಕ್ಕೆ ಮೊದಲು ಉಸಿರು ಬೇಕಲ್ಲವೇ?

ಎರಡನೆಯ ಹಂತ ಕೈಕಾಲುಗಳದ್ದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಬಿಸಿಯನ್ನು ಎಳೆದುಕೊಳ್ಳುತ್ತದೆ. ತುಂಬ ತಣ್ಣನೆಯ ನೀರಿನಲ್ಲಿ ಹತ್ತು ನಿಮಿಷ ಕಳೆಯುವುದರೊಳಗೆ ತೋಳಿನ ಸ್ನಾಯುಗಳು ಬಲಗುಂದುತ್ತವೆ. ಒಳ್ಳೆಯ ಈಜುಗಾರನೂ ದಡದ ಹತ್ತಿರವೇ ಮುಳುಗುವುದು ಇದರಿಂದ. ಆದ್ದರಿಂದಲೇ ಅವನು ನನ್ನನ್ನು ನಡುಕೆರೆಗೆ ಬಿಡಲಿಲ್ಲ.

ಮೂರನೆಯದು ಹೊರಗೆ ಬಂದ ಮೇಲಿನದು. ನೀರಿನಿಂದ ಹೊರಬಂದ ಮೇಲೂ ಕೆಲವು ನಿಮಿಷ ದೇಹದ ಒಳಗಿನ ಬಿಸಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಕೂಡಲೇ ಮೈ ಒರೆಸಿ, ಒಣ ಬಟ್ಟೆ, ಟೊಪ್ಪಿ ಹಾಕಿ, ಬಿಸಿಯಾದದ್ದನ್ನು ಕುಡಿಯಬೇಕು.

ಬ್ರಿಟನ್ನಿನಲ್ಲಿ 1824ರಿಂದ ಕೆಲಸ ಮಾಡುತ್ತಿರುವ ಜೀವರಕ್ಷಕ ದೋಣಿಗಳ ಸಂಸ್ಥೆಯೊಂದಿದೆ. ಆಕಸ್ಮಾತ್ ನೀರಿಗೆ ಬಿದ್ದವರಿಗೆ ಅದು ಕೊಡುವ ಸಲಹೆ ಒಂದೇ: ‘ಮೊದಲು ತೇಲಿ’. ಕೈಕಾಲು ಬಡಿಯಬೇಡಿ. ತಲೆ ಹಿಂದಕ್ಕೆ ಬಾಗಿಸಿ, ಕಿವಿ ನೀರಿನಲ್ಲಿರಲಿ, ಬಾಯಿ ಮೂಗು ಮೇಲಿರಲಿ, ಕೈಕಾಲು ಅಗಲಿಸಿ ಮಲಗಿದಂತೆ ತೇಲಿ. ಉಸಿರು ಹಿಡಿತಕ್ಕೆ ಬಂದ ಮೇಲೆ ಕೂಗಿ, ಇಲ್ಲವೇ ಈಜಿ. ಆ ಒಂದೆರಡು ನಿಮಿಷ ತಡೆದವನು ಬದುಕುವ ಸಂಭವ ಹೆಚ್ಚು.

ನಾನು ಹೇಳದೆ ಉಳಿಸಿದ್ದು

ಅವನು ಇದನ್ನೆಲ್ಲ ಹೇಳುತ್ತಿದ್ದಂತೆ ನನ್ನ ಕೈಯ ಚಹಾ ಆರಿಹೋಯಿತು. ನಡುಕ ನಿಂತರೂ ಬೇರೊಂದು ನಡುಕ ಶುರುವಾಗಿತ್ತು. ಮೂವತ್ಮೂರು ವರ್ಷ ಯಾರಿಗೂ ಹೇಳದ ಮಾತನ್ನು ಆ ಕೆರೆಯ ದಡದಲ್ಲಿ ಅವನಿಗೆ ಹೇಳಿದೆ. ಇಂದು ನಿಮಗೆ ಹೇಳುತ್ತೇನೆ.

1984ರ ಡಿಸೆಂಬರ್. ನಾನು ಆಗ ಪಿ.ಯು.ಸಿ. ವಿದ್ಯಾರ್ಥಿ, ಹದಿನೇಳು ವರ್ಷ. ರಜೆಯಲ್ಲಿ ನಾವು ಒಂಬತ್ತು ಮಂದಿ ಹುಡುಗರು ಘಟ್ಟದ ಬುಡದ ಒಂದು ಗುಡ್ಡ ಹತ್ತಲು ಹೋದೆವು. ಮನೆಯಲ್ಲಿ ಸರಿಯಾಗಿ ಹೇಳಿರಲಿಲ್ಲ, ದೊಡ್ಡವರಾರೂ ಜೊತೆಗಿರಲಿಲ್ಲ. ಇಳಿದು ಬರುವಾಗ ಕಾಡಿನ ಹೊಳೆಯಲ್ಲಿ ಒಂದು ಮಡು ಸಿಕ್ಕಿತು. ಸುತ್ತ ಮರಗಳು ಕವಿದು ನೀರು ಕಪ್ಪಗಿತ್ತು. ನಮ್ಮಲ್ಲಿ ಒಬ್ಬ ಚೆನ್ನಾಗಿ ಈಜುತ್ತಿದ್ದ. ಅವನಷ್ಟು ಹೊತ್ತು ನೀರೊಳಗೆ ಇರುವವರು ನಮ್ಮ ತರಗತಿಯಲ್ಲಿ ಬೇರಾರೂ ಇರಲಿಲ್ಲ. ಅವನು ಬಂಡೆಯ ಮೇಲೆ ನಿಂತು ಕೆಳಗೆ ನೋಡಿದ. ಒಂದು ಗಳಿಗೆ ಹಿಂಜರಿದ. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆತ ತಿರುಗಿ ನಮ್ಮನ್ನು ನೋಡಿದ.

ನಾವು ‘ಹಾರು, ಹಾರು’ ಎಂದು ಚಪ್ಪಾಳೆ ತಟ್ಟಿದೆವು. ‘ಹೆದರಿದೆಯಾ?’ ಎಂದು ಒಬ್ಬ ಕೂಗಿದ. ಹಾಗೆ ಕೂಗಿದವನು ನಾನು.

ಆತ ಹಾರಿದ. ಮೇಲೆ ಬರಲಿಲ್ಲ.

ತಲೆ ಕಲ್ಲಿಗೆ ಬಡಿಯಿತೋ, ತಣ್ಣೀರಿಗೆ ಉಸಿರು ಕಟ್ಟಿತೋ, ಕೆಳಗಿನ ಸೆಳೆತಕ್ಕೆ ಸಿಕ್ಕಿದನೋ, ಯಾರೂ ಹೇಳಲಿಲ್ಲ. ನಾವು ಎಂಟು ಮಂದಿ ದಡದಲ್ಲಿ ಅಳುತ್ತ ಓಡಾಡಿದೆವು. ಹಳ್ಳಿಯವರು ಬಂದು ಎತ್ತುವಾಗ ಸಂಜೆಯಾಗಿತ್ತು. ಮನೆಯವರು ಕೇಳಿದಾಗ ‘ಅವನೇ ಹಾರಿದ’ ಎಂದೆವು. ಅದು ಸುಳ್ಳಲ್ಲ, ಸತ್ಯವೂ ಅಲ್ಲ. ಅಂದಿನಿಂದ ನಾನು ನೀರಿಗೆ ಇಳಿಯಲಿಲ್ಲ. ನಲವತ್ಮೂರನೆಯ ವಯಸ್ಸಿನಲ್ಲಿ ಮ್ಯಾಂಚೆಸ್ಟರಿನ ಸಾರ್ವಜನಿಕ ಈಜುಕೊಳದಲ್ಲಿ ಆರು ವರ್ಷದ ಮಕ್ಕಳ ಜೊತೆ ನಿಂತು ಈಜು ಕಲಿತೆ. ಆದರೆ ಕಲಿತದ್ದು ಈಜು ಮಾತ್ರ. ಬಂಡೆ ಕಂಡ ಕೂಡಲೇ ಐವತ್ತೊಂದನೆಯ ವಯಸ್ಸಿನಲ್ಲೂ ಹಾರಲು ಹೊರಟಿದ್ದೆನಲ್ಲ!

ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಕೇಳಿದ: “ಆ ಹುಡುಗನ ತಾಯಿ ಅದಾರೇನ್ರಿ?”

“ಇದ್ದಾರೆ” ಎಂದೆ.

“ಹಂಗಾರ ಈ ಮಾತು ನನಗ ಹೇಳೂದಲ್ಲ, ಅವರಿಗೆ ಹೇಳ್ರಿ.”

ಮುಂದಿನ ವರ್ಷ ನಾನು ಊರಿಗೆ ಮರಳಿದೆ. ಎರಡು ತಿಂಗಳು ಧೈರ್ಯ ಬರಲಿಲ್ಲ. ಒಂದು ದಿನ ಅವರ ಮನೆಗೆ ಹೋದೆ. ಆ ಉಮ್ಮನಿಗೆ ಎಪ್ಪತ್ತೈದು ದಾಟಿತ್ತು, ಕಣ್ಣು ಮಂಜಾಗಿತ್ತು. ನನ್ನ ಹೆಸರು ಕೇಳಿ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಇದ್ದದ್ದನ್ನು ಇದ್ದಂತೆ ಹೇಳಿದೆ. ‘ಹೆದರಿದೆಯಾ’ ಎಂದು ಕೂಗಿದವನು ನಾನೇ ಎಂದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ನೀನೂ ಆಗ ಮಗುವೇ ಮೋನೇ. ನಿಮ್ಮನ್ನು ತಡೆಯಲು ಅಲ್ಲಿ ಯಾರೂ ಇರಲಿಲ್ಲ. ಈಗ ನೀನು ದೊಡ್ಡವನಲ್ಲವಾ, ಮಕ್ಕಳಿಗೆ ಹೇಳು.”

ನಾನು ಇಂದು ಈ ವೇದಿಕೆಗೆ ಬಂದದ್ದು ಆ ಉಮ್ಮನ ಮಾತಿಗೆ. ಭಾಷಣ ಮಾಡುವ ಆಸೆಯಿಂದಲ್ಲ.

ನಿಮ್ಮಲ್ಲಿ ನನ್ನ ವಿನಂತಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನವೆಂದು ಸಾರಿತು. ರಜೆ ಬಂದರೆ, ಮಳೆ ಬಂದರೆ, ನಮ್ಮ ಪತ್ರಿಕೆಗಳಲ್ಲಿ ಅದೇ ಸುದ್ದಿ: ವಿಹಾರಕ್ಕೆ ಹೋದ ವಿದ್ಯಾರ್ಥಿಗಳು ನೀರುಪಾಲು. ಒಬ್ಬ ಮುಳುಗುವುದು, ಅವನನ್ನು ಎತ್ತಲು ಹಾರಿದ ಇನ್ನೊಬ್ಬ, ಮತ್ತೊಬ್ಬ. ಇದು ವಿಧಿ ಎಂದು ಸುಮ್ಮನಾಗಬೇಡಿ. ನಮ್ಮ ಕೈಯಲ್ಲಿರುವುದು ಬಹಳಷ್ಟಿದೆ.

ಬೆಟ್ಟಕ್ಕೆ ಹೋಗಬೇಡಿ, ನೀರಿಗೆ ಇಳಿಯಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ. ಹೆಣ್ಣುಮಕ್ಕಳೂ ಹೋಗಿ. ಕೋಣೆಯೊಳಗೆ ಕುಳಿತವರಿಗೆ ಲೋಕ ತಿಳಿಯದು. ಆದರೆ ಎಲ್ಲಿಗೆ, ಯಾರ ಜೊತೆ, ಎಷ್ಟು ಗಂಟೆಗೆ ಮರಳುವಿರಿ ಎಂದು ಮನೆಯಲ್ಲಿ ಸತ್ಯ ಹೇಳಿ ಹೋಗಿ. ಅರಣ್ಯ ಇಲಾಖೆಯ ಅನುಮತಿ ಬೇಕಾದಲ್ಲಿ ಪಡೆದು ಹೋಗಿ. ಸ್ಥಳೀಯರು ‘ಇಳಿಯಬೇಡಿ’ ಎಂದ ನೀರಿಗೆ ಇಳಿಯಬೇಡಿ. ಆ ಮಡುವಿನ ಗುಣ ನಿಮ್ಮ ಮೊಬೈಲಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಘಟ್ಟದ ಮೇಲೆ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ಹೊಳೆ ಏಕಾಏಕಿ ಏರುತ್ತದೆ. ನೀರಿನ ಬಣ್ಣ ಕದಡಿದರೆ, ಕಸಕಡ್ಡಿ ತೇಲಿ ಬಂದರೆ, ಆ ಕ್ಷಣವೇ ದಡ ಹತ್ತಿ.

ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಮಲಗಿ ಕೋಲು ಚಾಚಿ. ಹಗ್ಗ, ಲುಂಗಿ, ದುಪಟ್ಟಾ, ಬಾಯಿ ಮುಚ್ಚಿದ ಖಾಲಿ ಕ್ಯಾನು, ಏನಿದೆಯೋ ಅದನ್ನು ಎಸೆಯಿರಿ. ಮೇಲೆತ್ತಿದವರಿಗೆ ಉಸಿರಿಲ್ಲದಿದ್ದರೆ ಅವರನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ, ಅದರಿಂದ ಅಮೂಲ್ಯ ಸಮಯ ಹಾಳು. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಇದನ್ನು ಓದಿ ಕಲಿಯಲಾಗದು, ಮಾಡಿ ಕಲಿಯಬೇಕು.

ಸಂಸ್ಥೆಯ ಹಿರಿಯರಲ್ಲಿ ನನ್ನ ಬೇಡಿಕೆ ಇದೇ. ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಪುಸ್ತಕ ಕೊಡುತ್ತೇವೆ, ಬಹಳ ಸಂತೋಷ. ಸುತ್ತ ಹೊಳೆ, ಕೆರೆ, ಕಡಲು ಇರುವ ಈ ನಾಡಿನಲ್ಲಿ ವರ್ಷಕ್ಕೆ ಒಂದು ವಾರ ಮಕ್ಕಳಿಗೆ ಈಜು, ತೇಲು, ಪ್ರಥಮ ಚಿಕಿತ್ಸೆ ಕಲಿಸುವ ಶಿಬಿರ ನಡೆಸೋಣ. ಹುಡುಗಿಯರಿಗೆ ಮಹಿಳಾ ತರಬೇತುದಾರರಿಂದ ಪ್ರತ್ಯೇಕ ವ್ಯವಸ್ಥೆಯಾಗಲಿ. ವೇಲ್ಸಿನ ಆ ಬೆಟ್ಟದಲ್ಲಿ ದಾರಿ ತಪ್ಪಿದವರನ್ನು, ಗಾಯಗೊಂಡವರನ್ನು ಹುಡುಕಿ ತರುವವರು ಸಂಬಳದ ನೌಕರರಲ್ಲ. ಕೆಳಗಿನ ಊರುಗಳ ಸ್ವಯಂಸೇವಕರು. ಅಂಗಡಿ, ಶಾಲೆ, ಕಚೇರಿಯ ಕೆಲಸ ಬಿಟ್ಟು ಮಳೆಯಲ್ಲಿ, ರಾತ್ರಿಯಲ್ಲಿ ಬೆಟ್ಟ ಹತ್ತುತ್ತಾರೆ. ಅಂಥ ಯುವಕರು ನಮ್ಮಲ್ಲಿಲ್ಲವೇ? ಇದ್ದಾರೆ. ಅವರಿಗೆ ತರಬೇತಿ ಬೇಕು, ಅಷ್ಟೇ.

ಮಿತ್ರರೇ, ‘ಯುವಜನರು ಮತ್ತು ಧೈರ್ಯ’ ಎಂಬ ವಿಷಯಕ್ಕೆ ಮರಳುತ್ತೇನೆ. ಬಂಡೆಯ ಮೇಲೆ ನಿಂತು ಹಾರುವುದನ್ನೇ ನಾವು ಧೈರ್ಯವೆಂದು ತಿಳಿದಿದ್ದೆವು. ಹಾರಲು ಒಂದು ಚಪ್ಪಾಳೆ ಸಾಕು. ಎಂಟು ಮಂದಿ ‘ಹಾರು’ ಎನ್ನುವಾಗ ಒಬ್ಬನೇ ನಿಂತು ‘ತಡೆ’ ಎನ್ನಲು ಬೇಕಾದದ್ದು ನಿಜವಾದ ಧೈರ್ಯ. ಅದು ಅಂದು ನನ್ನಲ್ಲಿರಲಿಲ್ಲ. ನೀರಿನ ವಿಷಯಕ್ಕೆ ಮಾತ್ರ ಇದನ್ನು ಹೇಳುತ್ತಿಲ್ಲ. ಬೈಕಿನ ವೇಗ ಹೆಚ್ಚಿಸುವ ಗೆಳೆಯನಿಗೆ, ಕೆಟ್ಟ ಚಟಕ್ಕೆ ಕೈಚಾಚುವ ಗೆಳೆಯನಿಗೆ, ಸಿಟ್ಟಿನಲ್ಲಿ ಕೈ ಎತ್ತುವ ಗೆಳೆಯನಿಗೆ, ಪರೀಕ್ಷೆಯಲ್ಲಿ ಸೋತು ಬೇಡದ್ದನ್ನು ಯೋಚಿಸುವ ಗೆಳೆಯನಿಗೆ, ರಟ್ಟೆ ಹಿಡಿದು ‘ಒಂದು ನಿಮಿಷ ತಡೆ’ ಎನ್ನುವ ಒಬ್ಬ ಬೇಕು. ಆ ಒಬ್ಬ ನೀವಾಗಿ. ಆಗ ಅವನು ನಿಮ್ಮ ಮೇಲೆ ಸಿಡುಕಬಹುದು, ನಗಬಹುದು. ನಾನೂ ಸಿಡುಕಿದ್ದೆ, ನಕ್ಕಿದ್ದೆ. ನಿಮ್ಮ ಚೀಲದಲ್ಲಿ ಅವನಿಗೂ ಒಂದು ಸ್ವೆಟರ್ ಇರಲಿ.

ನನ್ನ ಗೆಳೆಯ ಈಗಲೂ ಮ್ಯಾಂಚೆಸ್ಟರಿನಲ್ಲಿದ್ದಾನೆ. ನಿನ್ನೆ ಫೋನ್ ಮಾಡಿ ಈ ಭಾಷಣದ ವಿಷಯ ಹೇಳಿದೆ. “ಭಾಳ ಉದ್ದ ಮಾಡಬ್ಯಾಡ್ರಿ ಸಾಹೇಬ್ರ, ಹುಡುಗ್ರು ಎದ್ದು ಹೊಕ್ಕಾರ” ಎಂದ. ಅವನ ಮಾತು ಮೀರುವ ಅಭ್ಯಾಸವನ್ನು ನಾನು ಬಿಟ್ಟಿದ್ದೇನೆ.

 ಎಲ್ಲಿಗೇ ಹೋದರೂ ಸಂಜೆ ಮನೆಗೆ ಬನ್ನಿ. ಅಲ್ಲಿ ಒಬ್ಬ ತಾಯಿ ಬಾಗಿಲು ನೋಡುತ್ತಿರುತ್ತಾಳೆ.